ಅಟ್ಟದ ಏಣಿಗೆ 11 ಸೆಕೆಂಡು

ನಮ್ಮ 8 ನಿಮಿಷದ ಥ್ರಿಲ್ಲರ್‌ನ ಮೊದಲ ಎಡಿಟ್ ನೋಡಿ ಕ್ಲಾಸಿನವರೆಲ್ಲ ನಕ್ಕರು. ಅದೂ ಹೆದರಬೇಕಾದ ಜಾಗದಲ್ಲೇ. ತಪ್ಪು ನನ್ನದೇ, ಕ್ಯಾಮೆರಾ ಹಿಡಿದಿದ್ದು ನಾನು.

ಕಥೆ ಇಷ್ಟೇ. ಹುಡುಗನೊಬ್ಬ ಅಜ್ಜಿ ಮನೆಗೆ ಬರುತ್ತಾನೆ. ಮನೆ ಖಾಲಿ ಅಂದುಕೊಂಡಿದ್ದಾನೆ. ಅಟ್ಟದ ಮೇಲೆ ಯಾರೋ ಇದ್ದಾರೆ. ತೀರ್ಥಹಳ್ಳಿ ಕಡೆ ಗೆಳೆಯನ ಅಜ್ಜಿ ಮನೆಯಲ್ಲಿ ಎರಡು ರಾತ್ರಿ ಶೂಟಿಂಗ್ ಮಾಡಿದ್ದೆವು. ನಾನು ಸಿಕ್ಕಸಿಕ್ಕಲ್ಲಿ ಕ್ಯಾಮೆರಾ ಓರೆ ಮಾಡಿದ್ದೆ, ಸುಮ್ನೆ ಅಲ್ಲಾಡಿಸಿದ್ದೆ. ಕೊನೆಗೆ ಅಟ್ಟದಿಂದ ಒಬ್ಬ ಧೊಪ್ಪನೆ ಹಾರುತ್ತಾನೆ. ಅಲ್ಲಿವರೆಗೆ ನೋಡುವವರಿಗೆ ಕಾಯಲು ಏನೂ ಇರಲಿಲ್ಲ.

ಮೇಜಿನ ಕೆಳಗೆ ಬಾಂಬ್ ಇದೆ ಅಂತ ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ 15 ನಿಮಿಷ ಚಡಪಡಿಸುತ್ತಾರೆ, ಗೊತ್ತಿಲ್ಲದಿದ್ದರೆ 15 ಸೆಕೆಂಡು ಬೆಚ್ಚುತ್ತಾರೆ ಅಂತ ಥ್ರಿಲ್ಲರ್ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಶೂಟಿಂಗಲ್ಲಿ ನೆನಪಾಗಬೇಕಲ್ವಾ?

ಮತ್ತೆ ಹೋಗಿ ಮೂರೇ ಶಾಟ್ ತೆಗೆದೆವು.

ಮೊದಲನೆಯದು ಏಣಿಯ ಕ್ಲೋಸ್-ಅಪ್. ಹುಡುಗ ಬರುವ ಮುಂಚೆಯೇ. ಧೂಳು ಹಿಡಿದ ಮೆಟ್ಟಿಲ ಮೇಲೆ ಒಂದು ಒದ್ದೆ ಹೆಜ್ಜೆ. ಮ್ಯೂಸಿಕ್ ಇಲ್ಲ.

ಎರಡನೆಯದಕ್ಕೆ ಜಾಸ್ತಿ ಒದ್ದಾಡಿದೆವು. ಹುಡುಗ ಫ್ರೇಮಿನ ಎಡಗಡೆ ಕೂತು ಅವಲಕ್ಕಿ ತಿನ್ನುತ್ತಿದ್ದಾನೆ. ಬಲಗಡೆ ಪೂರ್ತಿ ಖಾಲಿ, ಹಿಂದೆ ಏಣಿ. 50 ಎಂಎಂ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 1.8ಕ್ಕೆ, ಅಂದರೆ ತುಂಬಾ ಅಗಲಕ್ಕೆ ಇಟ್ಟರೆ ಏಣಿ ಕರಗಿ ಮಸಿ ಬಳಿದ ಹಾಗೆ ಕಾಣುತ್ತಿತ್ತು. ಕಿಂಡಿ ಕಿರಿದು ಮಾಡಿ 5.6ಕ್ಕೆ ತಂದ ಮೇಲೆ ಏಣಿ ಅಂತ ಗುರುತು ಸಿಕ್ಕಿತು, ಆದರೂ ಮಬ್ಬು. ಬೆಳಕು ಕಡಿಮೆಯಾಯಿತು ಅಂತ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದ್ದಕ್ಕೆ ಗ್ರೇನ್ ಬಂತು, ಚಿತ್ರ ಕಾಳುಕಾಳಾಯಿತು. ಇರಲಿ ಅಂದೆ. ಟ್ಯೂಬ್‌ಲೈಟ್ ಪಟ್ಟೆ ಹೊಡೆಯುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಜ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ) 1/60 ಸೆಕೆಂಡಿನಲ್ಲಿತ್ತು, ಎರಡೂ ತಾಳೆಯಾಗುತ್ತಿರಲಿಲ್ಲ. 1/50 ಮಾಡಿದರೆ ಸರಿಹೋಯಿತು. ಕ್ಯಾಮೆರಾ ಕದಲುವುದಿಲ್ಲ. ಅವನು ತಿನ್ನುತ್ತಲೇ ಇದ್ದಾನೆ. ಎಂಟನೇ ಸೆಕೆಂಡಿಗೆ ಹಿಂದೆ ಒಂದು ಕಾಲು ಒಂದೇ ಒಂದು ಮೆಟ್ಟಿಲು ಇಳಿಯುತ್ತದೆ. ಒಟ್ಟು 11 ಸೆಕೆಂಡು. ಐದಕ್ಕೇ ಕತ್ತರಿಸೋಣ ಅಂತ ಎಡಿಟ್ ಮಾಡುವವನು ಹಠ ಹಿಡಿದ. ಆವತ್ತು ನಾವಿಬ್ಬರೂ ಮಾತು ಬಿಟ್ಟೆವು.

ಏಣಿ ಪ್ರತಿ ಶಾಟ್‌ನಲ್ಲೂ ಬಲಕ್ಕೇ ಇರುವಂತೆ ನೋಡಿಕೊಂಡೆ. ಮೊದಲ ಸಲ ಲೈನ್ (ಕ್ಯಾಮೆರಾ ಒಂದೇ ಬದಿಯಲ್ಲಿರಲಿ ಅಂತ ಅಂದುಕೊಳ್ಳುವ ಗೆರೆ) ದಾಟಿ ಎರಡೂ ಕಡೆಯಿಂದ ತೆಗೆದಿದ್ದೆ, ಏಣಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣುತ್ತಿತ್ತು. ಆ ಮನೆಯಲ್ಲಿ ಎರಡು ಏಣಿ ಇದೆಯಾ ಅಂತ ಒಬ್ಬಳು ಕೇಳಿದ್ದಳು!

ಮೂರನೆಯದು ಹುಡುಗನ ಮುಖದ ಕಡೆಗೆ ನಿಧಾನವಾಗಿ ಹೋಗುವ ಶಾಟ್. ಟ್ರಾಲಿಗೆ ದುಡ್ಡಿರಲಿಲ್ಲ. ಚಾಪೆ ಮೇಲೆ ನಾನು ಕೂತೆ, ಇಬ್ಬರು ಎಳೆದರು. "ಎಂತ ಮಾಡ್ತಿದ್ದೀರಾ ಮಾರಾಯ, ಚಾಪೆ ಹರೀತದೆ" ಅಂತ ಬೈದು ಅಜ್ಜಿ ಹಳೇ ಕಂಬಳಿ ಕೊಟ್ಟರು. ಕೆಂಪು ಗಾರೆ ನೆಲದ ಮೇಲೆ ಕಂಬಳಿ ಎಷ್ಟು ನುಣ್ಣಗೆ ಜಾರಿತು ಅಂದರೆ, ಏಳನೇ ಟೇಕಿಗೆ ಶಾಟ್ ಸಿಕ್ಕಿತು. ಹಿಂದಿನ ಆರೂ ಹೋಗಿದ್ದು ನಾನು ನಕ್ಕಿದ್ದಕ್ಕೆ.

ಎರಡನೇ ಸಲ ತೋರಿಸಿದಾಗ ಆ ಕಾಲು ಇಳಿಯುತ್ತಿದ್ದಂತೆ ಹಿಂದಿನ ಬೆಂಚಿನಿಂದ "ಲೋ, ತಿರುಗೋ!" ಅಂತ ಯಾರೋ ಕೂಗಿದರು. ಇನ್ನು ಆ ಧೊಪ್ಪನೆ ಹಾರುವ ಶಾಟ್ ಬೇಕಾಗಿರಲಿಲ್ಲ. ಆದರೂ ಇಟ್ಟಿದ್ದೇವೆ. ಪಾಪ, ಹಾರಿದವನ ಮೊಣಕಾಲು ತರಚಿತ್ತು.