ಪ್ಲೈವುಡ್ಡಿನ ಗೆರೆ ನೋಡ್ಕೊಂಡು ಸರ್ಫ್‌ಬೋರ್ಡ್ ಫಿನ್ ಮಾಡೋದು

ಸರ್ಫ್‌ಬೋರ್ಡಿನ ತಳದಲ್ಲಿ ಹಿಂದುಗಡೆ ನಿಲ್ಲೋ ರೆಕ್ಕೆ, ಅಂದ್ರೆ ಫಿನ್, ಮನೆಯಲ್ಲೇ ಮಾಡ್ಲಿಕ್ಕೆ ಆಗ್ತದಾ ಅಂತ ಮಂಗಳೂರು ಹತ್ರದ ಮೂಲ್ಕಿ, ಸಸಿಹಿತ್ಲು ಕಡೆ ಹೊಸತಾಗಿ ಬೋರ್ಡ್ ಹಿಡಿದವ್ರು ಕೇಳ್ತಿರ್ತಾರೆ. ಆಗ್ತದೆ ಮಾರ್ರೆ. ಆದ್ರೆ ಮೊದಲ ಸಲಕ್ಕೇ ಮೂರು ಫಿನ್ನಿನ ಸೆಟ್ಟಿಗೆ ಕೈ ಹಾಕ್ಬೇಡಿ, ಅದ್ರಲ್ಲಿ ಸೈಡ್ ಫಿನ್ನಿನ ಒಳಮೈ ಚಪ್ಪಟೆ, ಹೊರಮೈ ಮಾತ್ರ ಉಬ್ಬು, ಎಡದ್ದು ಬಲದ್ದು ಜೋಡಿ ಸರಿ ಬರ್ಬೇಕು, ತಲೆ ಕೆಟ್ಟು ಹೋಗ್ತದೆ. ಲಾಂಗ್‌ಬೋರ್ಡಿಗೆ, ಅಂದ್ರೆ 9 ಅಡಿ ಆಸುಪಾಸಿನ ಉದ್ದ ಬೋರ್ಡಿಗೆ, ಒಂದೇ ಒಂದು ಸಿಂಗಲ್ ಫಿನ್ ಮಾಡಿ, ಎರಡೂ ಮೈ ಒಂದೇ ತರ.

1935ರಲ್ಲಿ ಹವಾಯಿಯಲ್ಲಿ ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಮೊದಲು ಬೋರ್ಡಿಗೆ ಫಿನ್ ಕೂರಿಸಿದ್ದು ಹಳೆ ಸ್ಪೀಡ್ ಬೋಟಿನ ಕೀಲ್ (ತಳದ ಪಟ್ಟಿ) ಕಿತ್ತು ತಂದು, ಹಾಗಾಗಿ ಗುಜರಿ ಸಾಮಾನಿಗೆ ನಾಚಿಕೆ ಪಡೋದು ಬೇಡ. ಆಮೇಲೆ 60ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫರ್ ಜಾರ್ಜ್ ಗ್ರೀನೋ ಟ್ಯೂನಾ ಮೀನಿನ ರೆಕ್ಕೆ ನೋಡಿ ಬುಡ ಅಗಲ, ತುದಿ ಸಪೂರ, ತುದಿ ಸ್ವಲ್ಪ ಬಳುಕೋ ಹಾಗೆ ಮಾಡಿದ. ನಮ್ಮಲ್ಲಿ ಕೇದರ್ ಅಂತಾರಲ್ಲ, ಅದೇ ಮೀನು. ಮಾರ್ಕೆಟಿಗೆ ಹೋದಾಗ ಅದ್ರ ರೆಕ್ಕೆ ಒಮ್ಮೆ ಮುಟ್ಟಿ ನೋಡಿ, ಅರ್ಧ ಪಾಠ ಅಲ್ಲೇ ಆಗ್ತದೆ.

ಅಳತೆ ಸುಲಭ. ಅಡಿಗೊಂದು ಇಂಚು ಲೆಕ್ಕ, 9 ಅಡಿ ಬೋರ್ಡಿಗೆ 9 ಇಂಚು ಎತ್ತರ, ಬುಡ ಒಂದು 6 ಇಂಚು. ತುದಿ ಹಿಂದಕ್ಕೆ ಬಾಗಿದಷ್ಟೂ ಬೋರ್ಡ್ ದೊಡ್ಡ ಸುತ್ತು ಹೊಡೆದು ತಿರುಗ್ತದೆ, ನೆಟ್ಟಗಿದ್ರೆ ನಿಂತಲ್ಲೇ ತಿರುಗ್ತದೆ. ದಪ್ಪ ರಟ್ಟಲ್ಲಿ ಟೆಂಪ್ಲೇಟ್ ಕತ್ತರಿಸಿ, ಬೋರ್ಡಿನ ತಳದಲ್ಲಿ ಫಿನ್ ಕೂರೋ ಬಾಕ್ಸ್ ಒಳಗೆ ಹೋಗುವ ಬುಡದ ಪಟ್ಟಿಯನ್ನು ಹಳೆ ಫಿನ್ನಿಂದ ಹಾಗೆಯೇ ಗೆರೆ ಎಳೆದು ತೆಗೀರಿ, ಅದು ಒಂದು ಮಿಲಿಮೀಟರ್ ಆಚೀಚೆ ಆದ್ರೂ ಕೂರೋದಿಲ್ಲ.

ಮರಕ್ಕೆ 9 ಮಿ.ಮೀ. ಮರೀನ್ ಪ್ಲೈ, ಮೇಲೆ ಐಎಸ್ 710 ಅಂತ ಸೀಲ್ ಇರೋದು. ಅಂಚು ನೋಡಿ ತಗೊಳ್ಳಿ, ಪದರ ಜಾಸ್ತಿ ಇರ್ಬೇಕು, ನಡುವಲ್ಲಿ ತೂತು ಇರ್ಬಾರ್ದು. ಕತ್ತರಿಸ್ಲಿಕ್ಕೆ ಜಿಗ್‌ಸಾ, ಗೆರೆಯಿಂದ ಚೂರು ಹೊರಗೇ ಕತ್ತರಿಸಿ ಅರದಲ್ಲಿ ಗೆರೆಗೆ ತನ್ನಿ.

ಇನ್ನು ನಿಜವಾದ ಕೆಲ್ಸ, ಫಾಯಿಲ್, ಅಂದ್ರೆ ವಿಮಾನದ ರೆಕ್ಕೆ ತರ ಮೈ ಇಳಿಸೋದು. ಮೊದಲು ಅಂಚಿನ ಸುತ್ತ ಸರೀ ನಡುವಿಗೆ ಪೆನ್ಸಿಲ್ ಗೆರೆ ಹಾಕಿ, ಆ ಗೆರೆ ಕೊನೆವರೆಗೆ ಕಾಣ್ತಾ ಇರ್ಬೇಕು. ಆಮೇಲೆ ಎರಡೂ ಮೈಮೇಲೆ ದಪ್ಪದ ಗೆರೆ, ಅಂದ್ರೆ ಫಿನ್ ಅತಿ ದಪ್ಪ ಇರ್ಬೇಕಾದ ಜಾಗ ತೋರ್ಸೋ ಗೆರೆ: ಮುಂದಿನ ಅಂಚಿಂದ ಸುಮಾರು ಮೂರರಲ್ಲೊಂದು ಭಾಗ ಹಿಂದೆ, ಬುಡದಿಂದ ತುದಿವರೆಗೆ, ಫಿನ್ ಜೊತೆಗೇ ಬಾಗಿಕೊಂಡು. ಫಿನ್ನನ್ನು ಒಂದು ಬೇಡದ ಹಲಗೆಗೆ ಬುಡದ ಪಟ್ಟಿಯಲ್ಲಿ ಸ್ಕ್ರೂ ಹಾಕಿ ಮೇಜಿನಿಂದ ಹೊರಗೆ ಚಾಚಿಸಿ ಹಿಡಿದು, 4 ಇಂಚಿನ ಗ್ರೈಂಡರಿಗೆ 80 ನಂಬರ್ ಫ್ಲ್ಯಾಪ್ ಡಿಸ್ಕ್ ಹಾಕಿ, ದಪ್ಪದ ಗೆರೆಯಿಂದ ಹಿಂದಿನ ಅಂಚಿಗೆ ಉದ್ದಕ್ಕೆ ಇಳಿಸ್ತಾ ಹೋಗಿ. ಒತ್ತಬೇಡಿ, ಡಿಸ್ಕ್ ಒಂದೇ ಜಾಗದಲ್ಲಿ ಅರೆ ಸೆಕೆಂಡ್ ನಿಂತ್ರೆ ಗುಂಡಿ ಬೀಳ್ತದೆ.

ಇಲ್ಲೇ ಪ್ಲೈವುಡ್ಡಿನ ಚಂದ ಇರೋದು. ಒಂದೊಂದು ಪದರ ಸವೆದ ಹಾಗೆ ಕೆಳಗಿನ ಪದರ ಬೇರೆ ಬಣ್ಣದಲ್ಲಿ ಏಳ್ತದೆ, ಗುಡ್ಡದ ಬದಿಯ ಮೆಟ್ಟಿಲು ಗದ್ದೆ ತರ ಗೆರೆ ಕಾಣ್ತದೆ. ಗೆರೆ ಎಲ್ಲೂ ಅಂಕುಡೊಂಕಾಗದೆ ಒಂದರ ಹಿಂದೆ ಒಂದು ಬಾಗಿಕೊಂಡು ಹೋದ್ರೆ ಮೈ ಸರಿ ಉಂಟು, ಎಲ್ಲಾದ್ರೂ ಹೊಟ್ಟೆ ಬಿಟ್ರೆ ಅಲ್ಲಿ ಜಾಸ್ತಿ ಅಥವಾ ಕಮ್ಮಿ ಸವೆದಿದೆ ಅಂತ ಲೆಕ್ಕ. ಕಣ್ಣಿಗಿಂತ ಈ ಗೆರೆಯನ್ನೇ ನಂಬಿ. ಫಿನ್ ತಿರುಗಿಸಿ ಇನ್ನೊಂದು ಮೈಯಲ್ಲೂ ಅದೇ ಗೆರೆ ಅಷ್ಟೇ ಅಗಲಕ್ಕೆ ಬಂದಿದೆಯಾ ನೋಡಿ. ಮುಂದಿನ ಅಂಚನ್ನು ಎಲ್ಲಕ್ಕಿಂತ ಕೊನೆಗೆ ಉಜ್ಜಿ, ಅದೂ ಗ್ರೈಂಡರಲ್ಲಿ ಅಲ್ಲ, ಅರ ಮತ್ತೆ ಪಾಲಿಶ್ ಪೇಪರಲ್ಲಿ. ಅದು ಕತ್ತಿ ತರ ಚೂಪಾಗ್ಬಾರ್ದು, ಕೋಳಿಮೊಟ್ಟೆಯ ಸಪೂರ ತುದಿ ತರ ಇರ್ಬೇಕು. ಹಿಂದಿನ ಅಂಚು ಒಂದೂವರೆ ಮಿ.ಮೀ. ಇರ್ಲಿ, ತೀರಾ ತೆಳು ಆದ್ರೆ ಚಿಪ್ಪು ಏಳ್ತದೆ, ಬಿದ್ದಾಗ ಕಾಲು ಸಾ ಕೊಯ್ತದೆ.

ಆಮೇಲೆ 80, 120 ಪೇಪರ್ ಹೊಡೆದು ಗ್ಲಾಸ್ ಕ್ಲಾತ್ (ಫೈಬರ್‌ಗ್ಲಾಸ್ ಬಟ್ಟೆ) ಮತ್ತೆ ಅದನ್ನು ಅಂಟಿಸೋ ಎಪಾಕ್ಸಿ ರೆಸಿನ್. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗೋ) ಬಟ್ಟೆ, ಒಂದೊಂದು ಮೈಗೆ ಎರಡು ಪದರ, ಬುಡದ ಪಟ್ಟಿಗೆ ಮಾತ್ರ ಒಂದು, ಇಲ್ಲಾಂದ್ರೆ ಬಾಕ್ಸಿಗೆ ದಪ್ಪ ಆಗ್ತದೆ. ಎಪಾಕ್ಸಿಯನ್ನು ಅಗಲ ತಟ್ಟೆಯಲ್ಲಿ ಕಲಸಿ, ಒಂದೇ ಕಡೆ ರಾಶಿ ಇದ್ರೆ ತನ್ನಷ್ಟಕ್ಕೇ ಬಿಸಿ ಏರ್ತದೆ. ನಾನು ಏಪ್ರಿಲ್ ಮಧ್ಯಾಹ್ನ ಲೋಟದಲ್ಲಿ ಕಲಸಿಟ್ಟು ಫೋನ್ ಎತ್ತಿದ್ದೆ, ವಾಪಸ್ ಬಂದ್ರೆ ಲೋಟ ಹೊಗೆ ಬಿಡ್ತಾ ಇತ್ತು. ಮಳೆಗಾಲದಲ್ಲಿ ಇನ್ನೊಂದು ಕಿರಿಕಿರಿ, ಗಟ್ಟಿಯಾದ ಮೇಲೆ ಮೇಣದ ಹಾಗೆ ಒಂದು ಜಿಡ್ಡು ಕೂರ್ತದೆ, ಅದನ್ನು ನೀರಲ್ಲಿ ಉಜ್ಜಿ ತೊಳೆಯದೆ ಮುಂದಿನ ಕೋಟ್ ಹಾಕಿದ್ರೆ ಸಿಪ್ಪೆ ತರ ಬರ್ತದೆ. ದೋಣಿಯವ್ರ ಪಾಲಿಯೆಸ್ಟರ್ ರೆಸಿನ್ ಸಿಕ್ಕಿದ್ರೂ ನಡೀತದೆ, ಆದ್ರೆ ಕೋಬಾಲ್ಟ್ (ಬೇಗ ಗಟ್ಟಿಯಾಗ್ಲಿಕ್ಕೆ ಹಾಕೋ ದ್ರವ) ಮೊದಲು ರೆಸಿನಿಗೆ ಕಲಸಿ, ಆಮೇಲೆ ಹಾರ್ಡ್ನರ್. ಕೋಬಾಲ್ಟ್ ಮತ್ತೆ ಹಾರ್ಡ್ನರ್ ನೇರ ಕಲಸಿದ್ರೆ ಬೆಂಕಿ ಏಳ್ತದೆ, ತಮಾಷೆ ಅಲ್ಲ. ಫೈಬರ್ ಉಜ್ಜುವಾಗ ಮಾಸ್ಕ್, ತುಂಬು ತೋಳಿನ ಅಂಗಿ.

220, 400 ನೀರ್ ಪೇಪರ್ ಹೊಡೆದು ನೀರಿಗಿಳಿಸಿ. ಸ್ಪೀಡಲ್ಲಿ ಫಿನ್ ಗುಂಯ್ ಅಂತ ಹಾಡ್ಲಿಕ್ಕೆ ಶುರು ಮಾಡಿದ್ರೆ ಹೆದರ್ಬೇಡಿ, ಹಿಂದಿನ ಅಂಚು ನಡುಗೋದು ಅದು. ಒಂದೇ ಬದಿಗೆ 220ರಲ್ಲಿ ಸಣ್ಣ ಓರೆ ಕೊಡಿ. ನಂದು ಎರಡನೇ ಸಲ ಉಜ್ಜಿದ ಮೇಲೆ ಬಾಯಿ ಮುಚ್ಚಿತು.