ಹೊಸ ಬೈಕ್ ಪಾರ್ಟಿಗೆ ಹೊರಡೋ ಮುಂಚೆನೇ ಕೀ ವಿಷಯ ತೀರ್ಮಾನ ಮಾಡ್ಕೊಳಿ

ಹೊಸ ಗಾಡಿ ಡೆಲಿವರಿ ತಗೊಂಡು, ದೇವಸ್ಥಾನದ ಮುಂದೆ ಪೂಜೆ ಮಾಡ್ಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಮನೆಗೆ ಬರೋಷ್ಟರಲ್ಲಿ ಫೋನ್ ಶುರು ಆಗಿರತ್ತೆ, "ಮಗಾ ಪಾರ್ಟಿ ಯಾವಾಗ?" ಅಂತ. ಊರ ಹೊರಗೆ ಹೈವೇ ಪಕ್ಕ ಒಂದು ಧಾಬಾ, ಐದಾರು ಜನ, ಎಲ್ಲರೂ ಬೈಕಲ್ಲೇ ಬಂದಿರ್ತಾರೆ, ಗಾಡಿ ತಗೊಂಡೋನೇ ಕುಡಿದಿಲ್ಲ ಅಂದ್ರೆ ಹೆಂಗೆ ಅಂತ ಮೊದಲು ಅವನ ಗ್ಲಾಸಿಗೇ ಸುರೀತಾರೆ. ಅಂದ್ರೆ ಗಾಡಿ ಇನ್ನೂ ಕೈಗೆ ಕೂತಿಲ್ಲ, ಕ್ಲಚ್ ಎಲ್ಲಿ ಹಿಡಿಯತ್ತೆ ಅಂತಾನೂ ಸರಿಯಾಗಿ ಗೊತ್ತಿಲ್ಲ, ಅಂಥ ಮೊದಲನೇ ವಾರದಲ್ಲೇ ಹುಡುಗ ಕುಡಿದು ಕತ್ತಲಲ್ಲಿ ಹೈವೇಗೆ ಇಳೀತಾನೆ.

ನನ್ನ ಜೊತೆ ಓದಿದವನೊಬ್ಬ ಹಿಂಗೇ ಬಿದ್ದ. ಗಾಡಿ ತಗೊಂಡು ಹನ್ನೊಂದು ದಿನ ಆಗಿತ್ತು. ಬಣ್ಣ ಹೊಡೀದೇ ಇರೋ ಒಂದು ಹಂಪ್, ಹೆಲ್ಮೆಟ್ ಮಿರರ್‌ಗೆ ನೇತಾಕಿದ್ದ. ಬದುಕಿದಾನೆ, ಕೆಲಸಕ್ಕೂ ಹೋಗ್ತಾನೆ, ಆದ್ರೆ ತಲೆಗೆ ಬಿದ್ದ ಏಟಿಗೆ ವಾಸನೆ ಹೋಗಿಬಿಟ್ಟಿದೆ, ಪಕ್ಕದಲ್ಲೇ ಒಗ್ಗರಣೆ ಸೀದ್ರೂ ಅವನಿಗೆ ಗೊತ್ತಾಗಲ್ಲ, ಮಗು ಹುಟ್ಟಿದಾಗ ಎತ್ಕೊಂಡು ಮೂಸಿ ನೋಡಿ ಸುಮ್ನೆ ಕೂತಿದ್ದ. ಅವತ್ತಿಂದ ಯಾರಾದ್ರೂ ಹೊಸ ಬೈಕ್ ಅಂದ್ರೆ ನಾನು ಈ ಮಾತು ಹೇಳದೇ ಬಿಡಲ್ಲ, ಈಗ ಬರೆದೇ ಇಡ್ತಿದೀನಿ.

ಮೊದಲು ಹೊಸಬರಿಗೇ ಯಾಕೆ ಜಾಸ್ತಿ ಅಪಾಯ ಅಂತ ನೋಡೋಣ. ಹತ್ತು ವರ್ಷ ಓಡಿಸಿದವನಿಗೆ ಗೇರ್, ಕ್ಲಚ್, ಎರಡು ಬ್ರೇಕ್ ಇದೆಲ್ಲ ಯೋಚನೆ ಇಲ್ಲದೇ ನಡೆಯತ್ತೆ, ಅವನ ಗಮನ ಎಲ್ಲ ರೋಡ್ ಮೇಲೆ. ಹೊಸಬನಿಗೆ ಹಂಗಲ್ಲ, ಪ್ರತಿಯೊಂದಕ್ಕೂ ತಲೆ ಓಡಿಸಬೇಕು, ಎದುರಿಂದ ಲಾರಿ ಲೈಟ್ ಬಂದ್ರೆ ಕಾಲು ಎಲ್ಲಿದೆ, ಬೆರಳು ಎಲ್ಲಿದೆ ಅಂತ ಹುಡುಕಬೇಕು. ಆಲ್ಕೋಹಾಲ್ ಮೊದಲು ಕೆಡಿಸೋದೇ ಈ ಒಟ್ಟೊಟ್ಟಿಗೆ ನಾಲ್ಕು ಕಡೆ ಗಮನ ಕೊಡೋ ಶಕ್ತಿನ. ಅದರ ಮೇಲೆ ಬ್ಯಾಲೆನ್ಸು. ನಮ್ಮ ಒಳಕಿವಿಯಲ್ಲಿ ತಲೆ ಯಾವ ಕಡೆ ವಾಲಿದೆ ಅಂತ ಹೇಳೋ ಭಾಗ ಇದೆ, ಕುಡಿದಾಗ ಅದೇ ತಪ್ಪು ಲೆಕ್ಕ ಕೊಡತ್ತೆ, ಮಲಗಿದ್ರೆ ರೂಮ್ ತಿರುಗೋದು ಅದಕ್ಕೇ. ಕಾರಲ್ಲಾದ್ರೆ ನಾಲ್ಕು ಚಕ್ರ ನೆಲ ಹಿಡ್ಕೊಂಡಿರತ್ತೆ, ಬೈಕಲ್ಲಿ ತಿರುವು ಬಂದ್ರೆ ವಾಲಿಸಬೇಕಾದವರು ನೀವೇ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್, ಬ್ರೇಕ್ ಹಿಡಿಯೋಕೆ ಅರ್ಧ ಸೆಕೆಂಡ್ ಲೇಟ್ ಆದ್ರೂ ಎಂಟು ಮೀಟರ್ ಹಂಗೇ ಹೋಗಿರ್ತೀರ. ಕುಡಿದವರು ಗಾಬರಿಯಲ್ಲಿ ಮುಂದಿನ ಬ್ರೇಕ್ ಪೂರ್ತಿ ಹಿಂಡಿಬಿಡ್ತಾರೆ. 125 ಸಿಸಿ ವರೆಗಿನ ಎಷ್ಟೋ ಗಾಡಿಗಳಲ್ಲಿ ಚಕ್ರ ಲಾಕ್ ಆಗದಂಗೆ ತಡೆಯೋ ಎಬಿಎಸ್ ಇರಲ್ಲ, ಮರಳು ಬಿದ್ದಿರೋ ಜಾಗದಲ್ಲಿ ಚಕ್ರ ಲಾಕ್ ಆದ್ರೆ ಅಲ್ಲೇ ಬಿದ್ರಿ.

ಈಗ ಲೆಕ್ಕ. ಇದನ್ನ ಒಂದ್ಸಲ ಕೂತು ಓದಿ, ಯಾಕಂದ್ರೆ "ಸ್ವಲ್ಪ ತಾನೇ ತಗೊಂಡಿದ್ದು" ಅನ್ನೋರಿಗೆ ಈ ಸ್ವಲ್ಪ ಎಷ್ಟು ಅಂತ ಯಾರೂ ಹೇಳಿರಲ್ಲ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 185 ಪ್ರಕಾರ 100 ಮಿಲಿ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದ್ರೆ ಕೇಸ್. ನಮ್ಮಲ್ಲಿ ಮಾರೋ ವಿಸ್ಕಿ, ರಮ್ಮು 42.8 ಪರ್ಸೆಂಟ್, ಅಂದ್ರೆ 60 ಮಿಲಿ ಲಾರ್ಜ್ ಪೆಗ್ಗಲ್ಲಿ ಹತ್ರ ಹತ್ರ 20 ಗ್ರಾಂ ಆಲ್ಕೋಹಾಲ್. 60 ಕೆಜಿ ತೂಕದ ಹುಡುಗ ಖಾಲಿ ಹೊಟ್ಟೆಗೆ ಒಂದೇ ಲಾರ್ಜ್ ಕುಡಿದ್ರೂ ಅಂದಾಜು 45ರಿಂದ 50 ಮಿಲಿಗ್ರಾಂಗೆ ಹೋಗ್ತಾನೆ. ಒಂದೇ ಪೆಗ್ ಸ್ವಾಮಿ, ಅಷ್ಟಕ್ಕೇ ಗೆರೆ ದಾಟಿ ಆಯ್ತು. ಹುಡುಗೀರಿಗೆ ಅಷ್ಟೇ ಕುಡಿದ್ರೂ ಸಾಮಾನ್ಯವಾಗಿ ಇನ್ನೂ ಜಾಸ್ತಿ ಏರತ್ತೆ. ಟೆಟ್ರಾ ಪ್ಯಾಕ್ ನೈಂಟಿ ಒಂದರಲ್ಲೇ 30 ಗ್ರಾಂ ಇರತ್ತೆ. ಇನ್ನು "ಬರೀ ಬಿಯರ್ ಕಣೋ" ಅನ್ನೋರು ಬಾಟ್ಲಿ ಲೇಬಲ್ ನೋಡಿ, 650 ಮಿಲಿ ಸ್ಟ್ರಾಂಗ್ ಬಿಯರ್ 8 ಪರ್ಸೆಂಟ್ ಇದ್ರೆ ಅದು ಎರಡು ಲಾರ್ಜ್ ಪೆಗ್ಗಿಗೆ ಸಮ.

ಇಳಿಯೋದು ಮಾತ್ರ ನಿಧಾನ, ಗಂಟೆಗೆ ಸುಮಾರು 15 ಮಿಲಿಗ್ರಾಂ ಅಷ್ಟೇ, ಅದೂ ಲಿವರ್ ಮಾಡೋ ಕೆಲಸ, ಅದಕ್ಕೆ ಅವಸರ ಮಾಡ್ಸೋಕೆ ಆಗಲ್ಲ. ಮಜ್ಜಿಗೆ, ನಿಂಬೆರಸ, ಬ್ಲಾಕ್ ಕಾಫಿ, ತಣ್ಣೀರು ಸ್ನಾನ, ಗಂಟಲಿಗೆ ಬೆರಳು ಹಾಕಿ ವಾಂತಿ, ಇವೆಲ್ಲ ಮಾಡಿದ್ರೆ ಎಚ್ಚರ ಆದಂಗೆ ಅನ್ಸತ್ತೆ ಹೊರತು ರಕ್ತಕ್ಕೆ ಸೇರಿರೋದು ಹಂಗೇ ಇರತ್ತೆ. ಏಲಕ್ಕಿ, ಮಿಂಟ್ ಗುಳಿಗೆ ಬಾಯಿ ವಾಸನೆಗೆ, ಪೊಲೀಸರು ಊದಿಸೋ ಮಷೀನ್ ಅಳೆಯೋದು ಶ್ವಾಸಕೋಶದಿಂದ ಬರೋ ಗಾಳೀಲಿರೋ ಆಲ್ಕೋಹಾಲ್‌ನ.

ಸರಿ, ಏನು ಮಾಡ್ಬೇಕು?

ತೀರ್ಮಾನ ಮನೇಲೇ ಆಗ್ಬೇಕು, ಧಾಬಾದಲ್ಲಲ್ಲ. ಎರಡು ಗ್ಲಾಸ್ ಆದ್ಮೇಲೆ "ಓಡಿಸ್ತೀನಾ ಇಲ್ವಾ" ಅಂತ ಕೇಳ್ಕೊಂಡ್ರೆ ಉತ್ತರ ಕೊಡೋದು ಕುಡಿದಿರೋ ತಲೆನೇ, ಅದು ಯಾವಾಗ್ಲೂ "ನಾನ್ ಸರಿ ಇದೀನಿ" ಅಂತಾನೇ ಹೇಳತ್ತೆ. ಅದಕ್ಕೆ ಕುಡಿಯೋ ಪ್ಲಾನ್ ಇದ್ರೆ ಗಾಡಿ ಮನೇಲೇ ಬಿಡಿ, ಹೊಸ ಗಾಡಿ ತೋರಿಸ್ಬೇಕು ಅನ್ನೋ ಆಸೆ ಇದ್ರೆ ಮಧ್ಯಾಹ್ನ ತೋರಿಸಿ, ಒಂದು ರೌಂಡ್ ಹೊಡೀರಿ, ಆಮೇಲೆ ಮನೇಲಿ ನಿಲ್ಲಿಸಿ ಪಾರ್ಟಿಗೆ ಆಟೋದಲ್ಲಿ ಹೋಗಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಆದ್ರೆ ಕ್ಯಾಬು ಆಟೋ ಸಿಗತ್ತೆ. ಸಣ್ಣ ಊರಲ್ಲಿ ರಾತ್ರಿ ಹತ್ತರ ಮೇಲೆ ಏನೂ ಸಿಗಲ್ಲ, ಅಲ್ಲಿ ಪರಿಚಯದ ಆಟೋ ಅಣ್ಣನ ನಂಬರ್‌ಗೆ ಸಂಜೆನೇ ಫೋನ್ ಮಾಡಿ "ಹನ್ನೊಂದಕ್ಕೆ ಬಂದು ಕರ್ಕೊಂಡು ಹೋಗಿ ಅಣ್ಣ" ಅಂತ ಮಾತಾಡಿ ಇಡಿ, ಐದು ಜನ ಹಂಚ್ಕೊಂಡ್ರೆ ಒಂದು ಪ್ಲೇಟ್ ಕಬಾಬ್ ದುಡ್ಡೂ ಆಗಲ್ಲ. ಅದೂ ಆಗಲ್ವಾ, ಪಾರ್ಟಿನ ಯಾರಾದ್ರೂ ರೂಮಲ್ಲೋ ತೋಟದ ಮನೇಲೋ ಇಟ್ಕೊಂಡು ಅಲ್ಲೇ ಮಲಗಿ, ಚಾಪೆ ಸಾಕು.

ಗಾಡಿ ತಗೊಂಡೇ ಹೋಗಿದೀರ ಅಂದ್ರೆ ಅವತ್ತು ನಿಮ್ಮ ಗ್ಲಾಸಲ್ಲಿ ಲೈಮ್ ಸೋಡಾ. ಕಮ್ಮಿ ಕುಡಿದವನು ಓಡಿಸ್ಲಿ ಅನ್ನೋ ಲೆಕ್ಕ ಬೇಡ, ಓಡಿಸೋನು ಒಂದು ಗುಟುಕೂ ಕುಡಿಯದವನಾಗಿರ್ಬೇಕು. ಒತ್ತಾಯ ಮಾಡೋರು ಇದ್ದೇ ಇರ್ತಾರೆ, ಅದ್ರಲ್ಲೂ ಸೀನಿಯರ್ರೋ, ಮಾವನೋ, ಆಫೀಸಲ್ಲಿ ದೊಡ್ಡವರೋ ಕೈಗೆ ಗ್ಲಾಸ್ ಕೊಟ್ಟಾಗ ಹುಡುಗರಿಗೆ ಬೇಡ ಅನ್ನೋಕೆ ಬಾಯೇ ಬರಲ್ಲ. ವಾದ ಮಾಡ್ಬೇಡಿ, "ಅಣ್ಣ, ಗಾಡಿ ತಂದಿದೀನಿ, ಇವತ್ತು ಬೇಡ" ಅಂತ ನಗ್ತಾ ಹೇಳಿ, ಗ್ಲಾಸ್ ಮೊದಲೇ ತುಂಬ್ಸಿ ಇಟ್ಕೊಂಡ್ರೆ ಯಾರೂ ಸುರಿಯೋಕೂ ಬರಲ್ಲ. ಶೀತಕ್ಕೆ ಮಾತ್ರೆ ತಗೊಂಡಿದ್ರೆ ಇನ್ನೂ ಹುಷಾರು, ಸೆಟ್ರಿಜಿನ್ ಥರದ್ದು ತಾನೇ ತೂಕಡಿಕೆ ತರತ್ತೆ, ಎಣ್ಣೆ ಸೇರಿದ್ರೆ ಅದು ಜಾಸ್ತಿ ಆಗತ್ತೆ.

ಇನ್ನೊಂದು ವಿಷಯ, ಇದನ್ನ ಯಾರೂ ಹೇಳೋದೇ ಇಲ್ಲ. ನೀವು ಕುಡಿದಿಲ್ಲ, ಫ್ರೆಂಡ್ ಟೈಟ್ ಆಗಿದಾನೆ, ಅವನನ್ನ ಹಿಂದೆ ಕೂರಿಸ್ಕೊಂಡು ಹೋಗೋದು ದೊಡ್ಡ ಸಹಾಯ ಅನ್ಸತ್ತೆ ಅಲ್ವಾ. ಹೊಸಬರು ಹಂಗೆ ಮಾಡ್ಬೇಡಿ. ಕುಡಿದು ಹಿಂದೆ ಕೂತವನು ತಿರುವಲ್ಲಿ ನಿಮ್ಮ ಜೊತೆ ವಾಲಲ್ಲ, ಉಲ್ಟಾ ಕಡೆ ವಾಲ್ತಾನೆ, ನಿದ್ದೆ ಹೋಗ್ತಾನೆ, ಇದ್ದಕ್ಕಿದ್ದಂಗೆ ಎದ್ದು ಭುಜ ಹಿಡಿದು ಜಗ್ತಾನೆ, 65 ಕೆಜಿ ಹಿಂಗೆ ಹೊಯ್ದಾಡಿದ್ರೆ ಅನುಭವ ಇರೋರಿಗೇ ಕಷ್ಟ. ಅವನನ್ನ ಇಬ್ಬರ ಮಧ್ಯ ಕೂರಿಸೋಕೆ ಅಂತ ಮೂರನೇಯವನನ್ನ ಹತ್ತಿಸ್ಕೊಂಡು ಟ್ರಿಪಲ್ಸ್ ಹೋಗೋದಂತೂ ಕೇಳಲೇಬೇಡಿ. ಆಟೋಗೆ ಹತ್ತಿಸಿ, ನೀವು ಹಿಂದೆ ಗಾಡೀಲಿ ಬನ್ನಿ. ಇನ್ನೂ ಎಲ್‌ಎಲ್ (ಕಲಿಯೋರ ಲೈಸೆನ್ಸ್) ಮೇಲೇ ಓಡಿಸ್ತಿದೀರ ಅಂದ್ರೆ ಕಲಿಸೋಕೆ ಡಿಎಲ್ ಇರೋರು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸೋ ಹಂಗೇ ಇಲ್ಲ.

ಫ್ರೆಂಡೇ ಕೀ ಹಿಡ್ಕೊಂಡು ಎದ್ದುಬಿಟ್ರೆ? "ನೀನು ಕುಡಿದಿದೀಯ" ಅಂತ ಶುರು ಮಾಡಿದ್ರೆ ಅವನು ಇನ್ನೂ ಹಠ ಹಿಡೀತಾನೆ. ಅದಕ್ಕೆ ಪಾರ್ಟಿ ಶುರುವಾಗೋ ಮುಂಚೆನೇ ಎಲ್ಲರ ಕೀ ಕುಡಿಯದೇ ಇರೋನ ಹತ್ರ ಕೊಡೋ ಪದ್ಧತಿ ಇಟ್ಕೊಳಿ, ನಮ್ಮ ಗುಂಪಲ್ಲಿ ಈಗ ಹಂಗೇ ನಡೀತಿದೆ, ಮೊದಮೊದಲು ಆಡ್ಕೊಂಡೋರೂ ಈಗ ಬಂದ ತಕ್ಷಣ ತಾವೇ ಕೊಡ್ತಾರೆ. ಅದು ಆಗಿಲ್ಲ ಅಂದ್ರೆ ಕಾರಣ ನಿಮ್ಮ ಮೇಲೆ ಹಾಕ್ಕೊಳಿ, "ನಂಗೆ ಭಯ ಆಗ್ತಿದೆ ಮಗಾ, ನನ್ನ ಜೊತೆ ಆಟೋದಲ್ಲಿ ಬಾ, ಗಾಡಿ ನಾಳೆ ನಾನೇ ಬಂದು ತರ್ತೀನಿ" ಅಂತ. ಊಟ ಮುಗಿಲಿ, ಒಂದು ಬೀಡಾ ಹಾಕೋಣ ಅಂತ ಎಳೆದಾಡಿ ಟೈಮ್ ಕಳೀರಿ. ಯಾವುದಕ್ಕೂ ಬಗ್ಗಿಲ್ಲ ಅಂದ್ರೆ ಅವನ ಅಕ್ಕನಿಗೋ ಅಣ್ಣನಿಗೋ ಫೋನ್ ಮಾಡಿ ಕೊಡಿ, ಅವನು ಒಂದು ವಾರ ಮಾತು ಬಿಡಬಹುದು, ಬಿಡ್ಲಿ. ಅವನ ಹಿಂದೆ ಮಾತ್ರ ಹತ್ತಬೇಡಿ.

ಅಪ್ಪ ಅಮ್ಮ, ದೊಡ್ಡಣ್ಣಂದಿರು ಓದ್ತಿದ್ರೆ ಒಂದು ಮಾತು. ಎಷ್ಟೋ ಹುಡುಗರು ಕುಡಿದು ಓಡಿಸ್ಕೊಂಡು ಬರೋದೇ ಬೆಳಿಗ್ಗೆ ಗಾಡಿ ಮನೆ ಮುಂದೆ ಇಲ್ಲ ಅಂದ್ರೆ ಬೈಸ್ಕೋಬೇಕು ಅನ್ನೋ ಭಯಕ್ಕೆ. "ಎಷ್ಟು ಹೊತ್ತಾದ್ರೂ ಫೋನ್ ಮಾಡು, ಬಂದು ಕರ್ಕೊಂಡು ಬರ್ತೀನಿ, ಅವತ್ತು ರಾತ್ರಿ ಒಂದು ಮಾತೂ ಕೇಳಲ್ಲ" ಅಂತ ಮೊದಲೇ ಹೇಳಿಡಿ, ಮತ್ತೆ ನಿಜವಾಗ್ಲೂ ಕೇಳಬೇಡಿ, ಕೇಳೋದು ಇದ್ರೆ ಎರಡು ದಿನ ಬಿಟ್ಟು ಕೇಳಿ. ಮಗನಿಗೆ ಇನ್ನೂ 18 ಆಗಿಲ್ಲ, ಗೇರ್ ಗಾಡಿ ಕೈಗೆ ಕೊಟ್ಟಿದೀರ ಅಂದ್ರೆ 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಓನರ್‌ಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು ಎರಡೂ ಇದೆ.

ಕುಡಿದು ಓಡಿಸಿದ್ರೆ ಮೊದಲ ಸಲ 10,000 ರೂಪಾಯಿ ದಂಡ ಇಲ್ಲ ಆರು ತಿಂಗಳ ತನಕ ಜೈಲು, ಇಲ್ಲ ಎರಡೂ, ಮತ್ತೆ ಸಿಕ್ಕಿದ್ರೆ 15,000 ದಂಡ ಇಲ್ಲ ಎರಡು ವರ್ಷದ ತನಕ ಜೈಲು, ಇಲ್ಲ ಎರಡೂ. ಇದು ರೋಡಲ್ಲೇ ರಸೀದಿ ಹರಿದು ಮುಗಿಯೋ ಕೇಸ್ ಅಲ್ಲ, ಕೋರ್ಟಿಗೆ ಹೋಗ್ಬೇಕು, ಡಿಎಲ್ ಸಸ್ಪೆಂಡ್ ಆಗಬಹುದು, ಊದಲ್ಲ ಅಂತ ಹಠ ಮಾಡಿದ್ರೆ ಅದೇ ನಿಮ್ಮ ವಿರುದ್ಧ ಹೋಗತ್ತೆ. ಬಿದ್ದು ಗಾಡಿ ಜಜ್ಜಿಹೋದ್ರೆ ಇನ್ಶೂರೆನ್ಸ್‌ನವರು ನಿಮ್ಮ ಗಾಡಿ ಖರ್ಚು ಸಾಮಾನ್ಯವಾಗಿ ಕೊಡಲ್ಲ, ಇಎಂಐ ಮಾತ್ರ ಕಟ್ತಾನೇ ಇರ್ಬೇಕು.

ಬೆಂಗಳೂರು ಹುಡುಗರಿಗೆ ವಿಶೇಷವಾಗಿ ಬೆಳಗಿನ ಜಾವದ ವಿಷಯ. ಶನಿವಾರ ರಾತ್ರಿ ಪಾರ್ಟಿ, ಎರಡು ಗಂಟೆ ನಿದ್ದೆ, ನಾಲ್ಕಕ್ಕೆ ಎದ್ದು ಸೂರ್ಯೋದಯ ನೋಡೋಕೆ ನಂದಿ ಬೆಟ್ಟ. ಒಂದು ಕ್ವಾರ್ಟರ್ (180 ಮಿಲಿ) ಅಂದ್ರೆ 60 ಗ್ರಾಂ ಆಲ್ಕೋಹಾಲ್, ಅದೇ 60 ಕೆಜಿ ಹುಡುಗನಿಗೆ 140ರ ಮೇಲೆ ಏರಿರತ್ತೆ, ಹನ್ನೆರಡಕ್ಕೆ ಕುಡಿಯೋದು ನಿಲ್ಲಿಸಿದ್ರೆ ಲೀಗಲ್ ಮಿತಿಗೆ ಇಳಿಯೋಕೇ ಬೆಳಿಗ್ಗೆ ಏಳೂವರೆ ಎಂಟು ಆಗತ್ತೆ, ಪೂರ್ತಿ ಹೋಗೋಕೆ ಹತ್ತು ಗಂಟೆ. ಅಂದ್ರೆ ಆ ಮಂಜಲ್ಲಿ, ಆ ತಿರುವುಗಳಲ್ಲಿ ಹುಡುಗ ಇನ್ನೂ ಕುಡಿದೇ ಓಡಿಸ್ತಿರ್ತಾನೆ, ಜೊತೆಗೆ ನಿದ್ದೆನೂ ಇಲ್ಲ. ರೈಡ್ ಇದ್ರೆ ಹಿಂದಿನ ರಾತ್ರಿ ಪಾರ್ಟಿ ಬೇಡ, ಪಾರ್ಟಿ ಆಯ್ತಾ, ರೈಡ್ ಮುಂದಿನ ಭಾನುವಾರಕ್ಕೆ ಹಾಕಿ. ಹೆಲ್ಮೆಟ್ ಐಎಸ್‌ಐ ಮಾರ್ಕಿಂದೇ ಇರ್ಲಿ, ಪಟ್ಟಿ ಕ್ಲಿಕ್ ಅನ್ನೋ ತನಕ ಹಾಕಿ, ಪಟ್ಟಿ ಹಾಕದ ಹೆಲ್ಮೆಟ್ ನಿಮಗಿಂತ ಮುಂಚೆ ರೋಡಿಗೆ ಬೀಳತ್ತೆ.

ಗಾಡಿ ಅಲ್ಲೇ ಬಿಟ್ಟು ಬರೋಕೆ ಮನಸ್ಸು ಬರಲ್ಲ, ಹೊಸದು, ಯಾರಾದ್ರೂ ಎತ್ಕೊಂಡು ಹೋದ್ರೆ ಅಂತ. ಅದಕ್ಕೆ ಗಾಡಿ ಜೊತೆನೇ ಒಂದು ಡಿಸ್ಕ್ ಲಾಕ್ ತಗೊಂಡುಬಿಡಿ. ಧಾಬಾದಲ್ಲಿ ಕ್ಯಾಷ್ ಕೌಂಟರ್‌ಗೆ ಕಾಣೋ ಹಂಗೆ, ಲೈಟ್ ಕೆಳಗೆ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ, ಓನರ್‌ಗೆ "ಅಣ್ಣ, ಗಾಡಿ ನಾಳೆ ತಗೊಂಡು ಹೋಗ್ತೀನಿ, ಸ್ವಲ್ಪ ನೋಡ್ಕೊಳಿ" ಅಂತ ಹೇಳಿ, ನಂಬರ್ ಕೊಟ್ಟು, ಫೋಟೋ ಹೊಡ್ಕೊಂಡು ಬನ್ನಿ. ಮಾರನೇ ದಿನ ಬೆಳಿಗ್ಗೆ ಓಡಬೇಡಿ. ಮಧ್ಯಾಹ್ನ ಊಟ ಮುಗಿಸಿ ಬಸ್ ಹತ್ತಿ ಹೋಗಿ, ಟೈರಲ್ಲಿ ಗಾಳಿ, ಬ್ರೇಕ್ ನೋಡಿ, ಕಾವಲು ಇದ್ದ ಹುಡುಗನಿಗೆ ಟೀ ಕಾಸು ಕೊಟ್ಟು ಗಾಡಿ ತನ್ನಿ, ಮುಂದಿನ ಸಲ ಕೇಳೋ ಮುಂಚೆನೇ ಅವನೇ ಜಾಗ ತೋರಿಸ್ತಾನೆ.