ಚಿಗಟ ಬೆಕ್ಕಿನ ಮೈಮೇಲಷ್ಟೇ ಅಲ್ಲ, ಫರಸಿಯ ಸಂದಿಯಲ್ಲಿದೆ

ಶ್ರಾವಣ ಹಿಡಿಯಿತೆಂದರೆ ಕಲಬುರಗಿಯ ನಮ್ಮ ಓಣಿಯಲ್ಲಿ ಒಬ್ಬರಲ್ಲ ಒಬ್ಬರು ಕಾಲು ಕೆರೆದುಕೊಳ್ಳುತ್ತ ನನ್ನ ಕಟ್ಟೆಗೆ ಬರುತ್ತಾರೆ. ಈ ಸಲ ಬಂದವಳು ಬಾಜು ಮನೆಯ ಸೊಸೆ. ಹಿಮ್ಮಡಿಯಿಂದ ಮೇಲೆ ಗೇಣುದ್ದ ಕೆಂಪು ಗುಳ್ಳೆ ಎದ್ದಿದ್ದವು. "ಆಯಿ, ನಮ್ಮ ಬೆಕ್ಕಿಗಿ ಚಿಗಟ ಆಗ್ಯಾವ. ಚೀಲದಾಗ ಹಾಕಿ ಊರ ಹೊರಗ ಬಿಟ್ಟು ಬರ್ತೀನಿ ಅಂತಾರ ಇವ್ರು" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. "ಬೆಕ್ಕಿಗಿ ಬಿಟ್ಟು ಬಂದ್ರ ಚಿಗಟ ಹೋಗಂಗಿಲ್ಲ ತಂಗಿ. ಬೆಕ್ಕು ಇಲ್ಲಂದ್ರ ಅವು ನಿಮಗೇ ಕಡೀತಾವ. ಬೆಕ್ಕಿನ ಮೈಮ್ಯಾಲ ಇರೋದಕ್ಕಿಂತ ನಿಮ್ಮ ಮನ್ಯಾಗೇ ಜಾಸ್ತಿ ಅದಾವ" ಎಂದು ಕೂಡಿಸಿ ಹೇಳಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೇನಿನ ಸೀರು ಕೂದಲಿಗೆ ಅಂಟಿ ಕೂಡುತ್ತದೆ. ಚಿಗಟದ ತತ್ತಿ ಹಾಗಲ್ಲ. ನುಣ್ಣಗೆ, ಬೆಳ್ಳಗೆ, ಗಸಗಸೆ ಕಾಳಿಗಿಂತ ಸಣ್ಣದು. ಬೆಕ್ಕು ಮೈ ಕೊಡವಿದರೆ ಉದುರಿಹೋಗುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40ರ ಆಸುಪಾಸು ತತ್ತಿ ಇಡುತ್ತದೆ. ಬೆಕ್ಕು ಎಲ್ಲೆಲ್ಲಿ ಮಲಗುತ್ತದೋ ಅಲ್ಲೆಲ್ಲ ಅವು ಬಿದ್ದಿರುತ್ತವೆ. ಒಡೆದು ಬಂದ ಹುಳಕ್ಕೆ ಬೆಳಕು ಬೇಡ, ಕತ್ತಲೆಗೆ ಇಳಿಯುತ್ತದೆ. ಬೆಕ್ಕಿನ ಮೈಯಿಂದ ಉದುರುವ ದೊಡ್ಡ ಚಿಗಟದ ಹಿಕ್ಕೆ, ಅಂದರೆ ಒಣಗಿದ ರಕ್ತವೇ ಅದರ ಊಟ. ಆಮೇಲೆ ಗೂಡು ಕಟ್ಟಿಕೊಂಡು, ಅದಕ್ಕೆ ಧೂಳು ಮೆತ್ತಿಕೊಂಡು ಕೂಡುತ್ತದೆ. ಮನೆಯಲ್ಲಿರುವ ಒಟ್ಟು ಚಿಗಟದ ಸಂಸಾರದಲ್ಲಿ ಬೆಕ್ಕಿನ ಮೈಮೇಲೆ ಕಾಣುವುದು ನೂರಕ್ಕೆ 5ರಷ್ಟು ಮಾತ್ರ. ಮಿಕ್ಕಿದ್ದೆಲ್ಲ ತತ್ತಿ, ಹುಳ, ಗೂಡಾಗಿ ನೆಲದಲ್ಲಿ, ಹಾಸಿಗೆಯಲ್ಲಿ.

ನಮ್ಮ ಕಡೆಯ ಹಳೇ ಮನೆಗಳಿಗೆಲ್ಲ ಶಹಾಬಾದ್ ಫರಸಿ. ಬೇಸಿಗೆಗೆ ಕಾಲಿಗೆ ತಂಪು, ಎಷ್ಟು ಒರೆಸಿದರೂ ಸವೆಯದ ಕಲ್ಲು, ನನಗಂತೂ ಈಗಿನ ಟೈಲ್ಸಿಗಿಂತ ಅದೇ ಇಷ್ಟ. ಆದರೆ ವರ್ಷ ಕಳೆದಂತೆ ಕಲ್ಲು ಕಲ್ಲಿನ ನಡುವಿನ ಗಿಲಾವು ಕಿತ್ತುಹೋಗಿ ಸಂದಿ ಬೀಳುತ್ತದೆ, ಸಂದಿಯಲ್ಲಿ ಮಣ್ಣು ತುಂಬುತ್ತದೆ. ಚಿಗಟದ ಹುಳಕ್ಕೆ ಅದಕ್ಕಿಂತ ಒಳ್ಳೆಯ ಮನೆ ಸಿಗಲಾರದು. ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಅಂಗಳದಲ್ಲಿ ಬಿದ್ದ ಹುಳ ಒಣಗಿ ಸಾಯುತ್ತದೆ, ಅದಕ್ಕೆ ಒಣಹವೆ ಆಗದು. ಮಳೆ ಬಿದ್ದು ನೆಲಕ್ಕೆ ತಂಪು ಏರಿದಾಗ ಬೆಳೆಯುತ್ತದೆ. ಅದಕ್ಕೇ ಈ ಕಾಟ ಶ್ರಾವಣ, ಭಾದ್ರಪದದಲ್ಲಿ ಜಾಸ್ತಿ.

ಮೊದಲು ಚಿಗಟ ಹೌದೋ ಅಲ್ಲವೋ ನೋಡಿಕೊಳ್ಳಿ. ಬೆಕ್ಕನ್ನು ಬಿಳಿ ಅರಿವೆಯ ಮೇಲೆ ನಿಲ್ಲಿಸಿ ಬಾಲದ ಬುಡದಲ್ಲಿ ಕೂದಲನ್ನು ಎದುರುಮುಖವಾಗಿ ಕೆದರಿ. ಕರಿ ಮೆಣಸಿನ ಪುಡಿಯಂಥದ್ದು ಉದುರಿದರೆ ಅದರ ಮೇಲೆ ಎರಡು ಹನಿ ನೀರು ಹಾಕಿ. ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ, ಹರಡದಿದ್ದರೆ ಬರೀ ಮಣ್ಣು. ಇನ್ನು ಮನೆಯಲ್ಲಿ ಎಲ್ಲೆಲ್ಲಿ ಇವೆ ಎಂದು ತಿಳಿಯಲು ಬಿಳಿ ಕಾಲುಚೀಲ ಹಾಕಿಕೊಂಡು ಕೋಣೆ ಕೋಣೆ ಓಡಾಡಿ. ಕರಿ ಚುಕ್ಕೆ ಜಿಗಿದು ಬಂದು ಕೂತದ್ದು ಕಾಣುತ್ತದೆ.

ಬೆಕ್ಕಿನ ಮೈಗೆ ನನ್ನ ಆಯುಧ ಸೀರಣಿಗಿ. ಹೇನು ತೆಗೆಯುವ ಅದೇ ಸಣ್ಣ ಹಲ್ಲಿನ ಹಣಿಗೆ. ಪಕ್ಕದಲ್ಲಿ ಒಂದು ಬಟ್ಟಲು ಸಾಬೂನು ನೀರು ಇಟ್ಟುಕೊಳ್ಳಿ. ಗದ್ದದ ಕೆಳಗೆ, ಕುತ್ತಿಗೆಯ ಸುತ್ತ, ಹೊಟ್ಟೆ, ಬಾಲದ ಬುಡ, ಈ ನಾಲ್ಕು ಕಡೆ ನಿಧಾನವಾಗಿ ಬಾಚಿ, ಪ್ರತಿ ಸಲ ಹಣಿಗೆಯನ್ನು ಬಟ್ಟಲಲ್ಲಿ ಅದ್ದಿ. ಬರೀ ನೀರಾದರೆ ಚಿಗಟ ಮೇಲೆಯೇ ತೇಲಿ ಜಿಗಿದುಹೋಗುತ್ತದೆ, ಸಾಬೂನು ಇದ್ದರೆ ಮುಳುಗುತ್ತದೆ. ಉಗುರಲ್ಲಿ ಒರೆಯಬೇಡಿ. ದಿನಾ ಸಂಜೆ ಹತ್ತು ನಿಮಿಷ ಸಾಕು. ಬೆಕ್ಕು ಮೊದಲೆರಡು ದಿನ ಗುರ್ ಅನ್ನುತ್ತದೆ, ಆಮೇಲೆ ತಾನೇ ಬಂದು ಮಡಿಲಲ್ಲಿ ಕೂಡುತ್ತದೆ.

ಹಣಿಗೆ ಒಂದರಿಂದಲೇ ಮುಗಿಯುವ ಕೆಲಸವಲ್ಲ, ಔಷಧ ಬೇಕು. ಇಲ್ಲಿ ನನ್ನ ಮಾತು ದಯವಿಟ್ಟು ಕಿವಿಗೊಟ್ಟು ಕೇಳಿ. ಹಿಂದೆ ಯಾರೋ ಹೇಳಿದರೆಂದು ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಮೂರು ತಿಂಗಳ ಮರಿಯ ಮೈಗೆಲ್ಲ ಹಚ್ಚಿದೆ. ಬೆಕ್ಕಿನ ಜಾತಿ ಮೈಮೇಲೆ ಏನು ಬಿದ್ದರೂ ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತದೆ. ಅದೂ ನೆಕ್ಕಿತು. ಸಂಜೆಯೊಳಗೆ ಜೊಲ್ಲು ಸುರಿಸಿ, ನಡುಗಿ, ನನ್ನ ಸೆರಗಿನಲ್ಲೇ ಪ್ರಾಣ ಬಿಟ್ಟಿತು. ಆ ಮರಿಯ ತಾಯಿ ಎರಡು ದಿನ ಮನೆಯೆಲ್ಲ ಹುಡುಕಿತು. ಅದಕ್ಕೇ ಹೇಳುತ್ತೇನೆ: ಕರ್ಪೂರ, ಚಿಮಣಿ ಎಣ್ಣೆ, ಫಿನಾಯಿಲ್, ಡಾಂಬರ ಗುಳಿಗೆ, ನೀಲಗಿರಿ ಎಣ್ಣೆ, ಇವು ಯಾವುವೂ ಬೆಕ್ಕಿನ ಮೈಗೆ ತಾಗಬಾರದು. ಬಳ್ಳೊಳ್ಳಿ ತಿನ್ನಿಸಿದರೆ ಚಿಗಟ ಓಡುತ್ತದೆ ಎನ್ನುವವರಿದ್ದಾರೆ; ಬಳ್ಳೊಳ್ಳಿ, ಉಳ್ಳಾಗಡ್ಡಿ ಎರಡೂ ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ.

ಎಲ್ಲಕ್ಕಿಂತ ಅಪಾಯ ನಾಯಿಯ ಔಷಧ. ನಾಯಿಗಳ ಎಷ್ಟೋ ಚಿಗಟದ ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿ ಅದನ್ನು ತಡೆದುಕೊಳ್ಳುತ್ತದೆ, ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ಫಿಟ್ಸ್ ಬಂದು ಸಾಯುತ್ತದೆ. ಅಂಗಡಿಯವರು "ಎರಡಕ್ಕೂ ನಡೀತದ" ಅಂದರೂ ಡಬ್ಬಿಯ ಮೇಲೆ ಬೆಕ್ಕಿಗೆ ಎಂದು ಬರೆದಿದೆಯೇ ಓದಿಯೇ ತನ್ನಿ. ಬೆಕ್ಕಿಗೆಂದೇ ಮಾಡಿದ ಫಿಪ್ರೋನಿಲ್ ಅಥವಾ ಸೆಲಾಮೆಕ್ಟಿನ್ ಹನಿ ಔಷಧ ಸಿಗುತ್ತದೆ. ಪಶುವೈದ್ಯರಿಗೆ ಬೆಕ್ಕಿನ ತೂಕ, ವಯಸ್ಸು ಹೇಳಿ ಬರೆಸಿಕೊಳ್ಳಿ. ತಾಲೂಕಿಗೊಂದು ಸರಕಾರಿ ಪಶು ಆಸ್ಪತ್ರೆ ಇದೆ. ಬೀದರಿನವರಿಗಂತೂ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಹತ್ತಿರ. ಹನಿಯನ್ನು ಕೂದಲ ಮೇಲಲ್ಲ, ಕೂದಲು ಸೀಳಿ ಚರ್ಮದ ಮೇಲೆ, ನಾಲಿಗೆಗೆ ಎಟುಕದ ಹಾಗೆ ತಲೆಬುರುಡೆಯ ಹಿಂಭಾಗದ ಕುತ್ತಿಗೆಯಲ್ಲಿ ಹಾಕಬೇಕು. ಹಾಕಿದ ಮೇಲೆ ಎರಡು ದಿನ ಮೈ ತೊಳೆಯಬೇಡಿ. ತಿಂಗಳಿಗೊಮ್ಮೆ, ಮನೆಯಲ್ಲಿರುವ ಎಲ್ಲ ಬೆಕ್ಕು ನಾಯಿಗಳಿಗೂ ಒಂದೇ ದಿನ, ಆದರೆ ಅವವಕ್ಕೆ ಅವವುಗಳದೇ ಔಷಧ.

ಈಗ ಮನೆಯ ಕೆಲಸ. ಬೆಕ್ಕು ಮಲಗುವ ಕೌದಿ, ಹಾಸಿಗೆ ಹೊದಿಕೆ, ಚಾಪೆಯ ಮೇಲಿನ ಅರಿವೆ, ಎಲ್ಲವನ್ನೂ ಕುದಿನೀರಲ್ಲಿ ಸಾಬೂನು ಹಾಕಿ ನೆನೆಸಿ ಒಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ. ದಪ್ಪ ಕೌದಿಯನ್ನು ಎರಡೂ ಮಗ್ಗುಲು ತಿರುವಿ ಒಣಗಿಸಿ, ಹೊಲಿಗೆಯ ಮಡಿಕೆಯಲ್ಲಿ ತತ್ತಿ ಉಳಿಯುತ್ತವೆ. ಬೆಕ್ಕಿಗೆ ಒಂದೇ ಜಾಗ, ಒಂದೇ ಹಳೇ ಕೌದಿ ಎಂದು ರೂಢಿ ಮಾಡಿಸಿದರೆ ಅರ್ಧ ಕೆಲಸ ಉಳಿಯುತ್ತದೆ. ವಾರಕ್ಕೊಮ್ಮೆ ಅದನ್ನು ಒಗೆದರಾಯಿತು.

ಫರಸಿಯ ಸಂದಿಯನ್ನು ಹಳೇ ಮೊಳೆಯಿಂದಲೋ ಚಾಕುವಿನ ತುದಿಯಿಂದಲೋ ಕೆದರಿ ಮಣ್ಣು ತೆಗೆಯಿರಿ. ಹೊರಸಿನ ಕೆಳಗೆ, ತೊಗರಿ ಚೀಲದ ಹಿಂದೆ, ಕಪಾಟಿನ ಅಡಿ, ಎಲ್ಲಿ ಕಸಬರಿಗೆ ಹೋಗುವುದಿಲ್ಲವೋ ಅಲ್ಲೇ ಅವು ಇರುವುದು. ಗುಡಿಸಿದ ಕಸವನ್ನು ಅಂಗಳದ ಮೂಲೆಗೆ ಒಗೆಯಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಹೊರಗೆ ಸಾಗಿಸಿ. ಆಮೇಲೆ ಸಾಬೂನು ಹಾಕಿದ ಬಿಸಿನೀರನ್ನು ಸಂದಿಗೆ ಹೊಯ್ದು ಉಜ್ಜಿ. ಮೊದಲ ಎರಡು ವಾರ ಗುಡಿಸುವುದು ದಿನಾ ನಡೆಯಬೇಕು. ಒಣಗಿದ ಮೇಲೆ ಒಬ್ಬ ಗೌಂಡಿಯನ್ನು ಕರೆಸಿ ಸಂದಿಗೆ ಸಿಮೆಂಟ್ ತುಂಬಿಸಿದರೆ ಆ ಖರ್ಚು ದಂಡವಲ್ಲ. ನಾನು ನಡುಮನೆಗೆ ಮಾಡಿಸಿದ ಮೇಲೆ ಅಲ್ಲಿ ಚಿಗಟ ಕಂಡಿಲ್ಲ.

ರಾತ್ರಿ ನೆಲದ ಮೇಲೆ ಅಗಲ ತಾಟಿನಲ್ಲಿ ಸಾಬೂನು ನೀರಿಟ್ಟು ಅದರ ಮೇಲೆ ಸಣ್ಣ ದೀಪ ಹಚ್ಚಿಟ್ಟರೆ ಚಿಗಟ ಬೆಳಕಿಗೆ ಜಿಗಿದು ಬೀಳುತ್ತವೆ. ಇದರಿಂದ ಪೂರ್ತಿ ಹೋಗುವುದಿಲ್ಲ. ದಿನದಿಂದ ದಿನಕ್ಕೆ ಎಷ್ಟು ಕಡಿಮೆಯಾಯಿತು ಎಂಬ ಲೆಕ್ಕ ಸಿಗುತ್ತದೆ, ಅಷ್ಟೇ.

ಹೀಗೆಲ್ಲ ಮಾಡಿದ ಮೂರನೇ ವಾರ ಮತ್ತೆ ಚಿಗಟ ಕಂಡರೆ ಔಷಧ ಸುಳ್ಳು ಎಂದು ಕೈಬಿಡಬೇಡಿ. ಗೂಡಿನೊಳಗಿನದಕ್ಕೆ ಯಾವ ಔಷಧವೂ ಸರಿಯಾಗಿ ತಾಗುವುದಿಲ್ಲ. ನೆಲದ ನಡುಕ, ಮೈಯ ಕಾವು, ಉಸಿರು ತಿಳಿಯುವವರೆಗೆ ಅದು ತಿಂಗಳುಗಟ್ಟಲೆ ಒಳಗೇ ಕಾಯುತ್ತದೆ. ಪುಣೆಗೋ ಮುಂಬಯಿಗೋ ದುಡಿಯಲು ಹೋದವರು ನಾಲ್ಕು ತಿಂಗಳ ಮೇಲೆ ಬಂದು ಬೀಗ ತೆಗೆದು ಒಳಗೆ ಕಾಲಿಟ್ಟರೆ ಮೊಣಕಾಲವರೆಗೆ ಚಿಗಟ ಮುತ್ತುವುದು ಇದಕ್ಕೇ. "ಮನಿಗಿ ಯಾರೋ ಮಾಟ ಮಾಡಿಸ್ಯಾರ" ಎನ್ನುತ್ತಾರೆ ಪಾಪ, ಮಾಟವಲ್ಲ ಅದು. ಅಂಥ ಮನೆಯಲ್ಲಿ ಬಂದ ದಿನವೇ ಗುಡಿಸಿ, ತೊಳೆದು, ಎರಡು ದಿನ ಬಿಟ್ಟು ಮತ್ತೆ ಅದನ್ನೇ ಮಾಡಬೇಕು. ಬೆಕ್ಕಿದ್ದ ಮನೆಯಲ್ಲಿ ಮೂರು ತಿಂಗಳು ಬಿಡದೆ ಔಷಧ ಹಾಕಬೇಕು.

ಬೆಕ್ಕಿನ ಬಾಲದ ಕೆಳಗೆ ಅಕ್ಕಿ ಕಾಳಿನಂತೆ ಏನಾದರೂ ಕಂಡರೆ ಅದು ಲಾಡಿಹುಳುವಿನ ತುಂಡು. ಮೈ ನೆಕ್ಕುವಾಗ ಚಿಗಟ ನುಂಗಿ ಬಂದದ್ದು. ಜಂತಿನ ಔಷಧವನ್ನೂ ವೈದ್ಯರಿಂದ ಕೇಳಿ ತನ್ನಿ.

ಎಂಟು ವಾರದೊಳಗಿನ ಮರಿಗೆ ಹನಿ ಔಷಧ ಹಾಕಬೇಡಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಮೊದಲು ಕುತ್ತಿಗೆಯ ಸುತ್ತ ನೊರೆ ಮಾಡಿ, ಇಲ್ಲದಿದ್ದರೆ ಚಿಗಟ ಎಲ್ಲ ಮುಖಕ್ಕೆ ಓಡುತ್ತವೆ. ಆಮೇಲೆ ಮೈ ತೊಳೆದು ಸೀರಣಿಗಿಯಿಂದ ಬಾಚಿ. ಒಸಡು ಎತ್ತಿ ನೋಡಿ. ಗುಲಾಬಿ ಬಣ್ಣವಿದ್ದರೆ ಸರಿ, ಸುಣ್ಣದಂತೆ ಬಿಳಿಚಿದ್ದರೆ ಚಿಗಟ ರಕ್ತವನ್ನೆಲ್ಲ ಹೀರಿವೆ, ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಒಯ್ಯಿರಿ. ತೊಳೆದ ಮರಿಯನ್ನು ಒಣ ಅರಿವೆಯಲ್ಲಿ ಸುತ್ತಿ, ಪೂರ್ತಿ ಒಣಗುವ ತನಕ ಎದೆಗೆ ಹಿಡಿದುಕೊಂಡೇ ಕೂಡಿ.